ಮೊಸರಿನಲ್ಲಿ ಕಲ್ಲು, ಮಸೂರದಲ್ಲಿ ಧೂಳು

ಮಳೆಗಾಲ ಮುಗಿದ ಮೇಲಿನ ಮೊದಲ ಭಾನುವಾರ ನಮ್ಮ ಬಳಗದ ಏಳೆಂಟು ಮಂದಿ ಕ್ಯಾಮೆರಾಗಳನ್ನು ಹೆಗಲಿಗೇರಿಸಿಕೊಂಡು ವಸಈ ಕೋಟೆಗೆ ಹೋಗಿದ್ದೆವು. ನಮ್ಮೊಂದಿಗೆ ಡೊಂಬಿವಲಿಯ ಹುಡುಗನೊಬ್ಬನಿದ್ದ. ವಾರವಿಡೀ ಒಂದು ಕೊರಿಯರ್ ಕಚೇರಿಯಲ್ಲಿ ದುಡಿದು, ರಜೆಯ ದಿನಗಳಲ್ಲಿ ಮದುವೆ, ನಾಮಕರಣಗಳ ಫೋಟೊ ತೆಗೆದು ಮನೆಗೆ ನಾಲ್ಕು ಕಾಸು ತರುವವನು. ಎರಡು ವರ್ಷ ಕೂಡಿಟ್ಟ ಹಣದಿಂದ ಆಗಷ್ಟೇ ಒಂದು ಹಳೆಯ 85 ಮಿ.ಮೀ. ಲೆನ್ಸ್ ಕೊಂಡಿದ್ದ. ಅದನ್ನು ಎಲ್ಲರ ಕೈಗೂ ಕೊಟ್ಟು, ಅವರ ಮುಖವನ್ನೇ ನೋಡುತ್ತ ನಿಂತಿದ್ದ.

ನಮ್ಮಲ್ಲಿನ ಹಿರಿಯರೊಬ್ಬರು ಲೆನ್ಸನ್ನು ತೆಗೆದುಕೊಂಡು, ಮೊಬೈಲಿನ ಟಾರ್ಚ್ ಹೊತ್ತಿಸಿ, ಒಂದು ಕಣ್ಣು ಮುಚ್ಚಿ ಅದರೊಳಗೆ ಇಣುಕಿದರು. ‘ಒಳಗೆಲ್ಲ ಧೂಳು ಕೂತಿದೆಯಲ್ಲಪ್ಪಾ! ನಿನಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ’ ಎಂದರು. ಲೆನ್ಸ್ ಕೈಯಿಂದ ಕೈಗೆ ಹೋಯಿತು. ಟಾರ್ಚೂ ಅದರ ಹಿಂದೆಯೇ ಹೋಯಿತು. ಎಲ್ಲರೂ ಇಣುಕಿದರು, ಎಲ್ಲರೂ ತಲೆಯಾಡಿಸಿದರು. ಆ ಲೆನ್ಸಿನಿಂದ ಅವನು ತೆಗೆದ ಒಂದೇ ಒಂದು ಚಿತ್ರವನ್ನು ತೋರಿಸೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈ ಲೇಖನ ಬರೆಯಲು ಮುಖ್ಯ ಕಾರಣ ನನ್ನ ಆ ಮೌನವೇ.

ತಿಂಗಳು ಕಳೆದ ಮೇಲೆ ಲೋಕಲ್ ರೈಲಿನಲ್ಲಿ ಆ ಹುಡುಗ ಮತ್ತೆ ಸಿಕ್ಕಿದ. ಅಂದು ರಾತ್ರಿ ಮನೆಗೆ ಹೋದವನಿಗೆ ನಿದ್ದೆ ಬರಲಿಲ್ಲವಂತೆ. ಮರುವಾರ ಒಂದು ವಿಡಿಯೊ ನೋಡಿಕೊಂಡು, ಊಟದ ಮೇಜಿನ ಮೇಲೆ ಹಾಸಿದ ಟವೆಲ್ಲಿನ ಮೇಲೆ ಲೆನ್ಸನ್ನು ಬಿಚ್ಚಿದನಂತೆ. ಹಿಂಬದಿಯ ಉಂಗುರವನ್ನು ಎತ್ತುವಾಗ ಅದಕ್ಕೆ ಅಂಟಿಕೊಂಡಿದ್ದ, ಕಾಗದದಷ್ಟು ತೆಳುವಾದ ವಿದ್ಯುತ್ ಪಟ್ಟಿ ಹರಿದುಹೋಯಿತು. ಧೂಳು ಹೋಯಿತು, ಅದರ ಜೊತೆಗೆ ಆಟೊಫೋಕಸ್ ಕೂಡ ಹೋಯಿತು. ರಿಪೇರಿಗೆ ಕೇಳಿದ ಹಣ ಅವನು ಲೆನ್ಸಿಗೆ ಕೊಟ್ಟಿದ್ದರ ಅರ್ಧಕ್ಕಿಂತ ಹೆಚ್ಚು. ತುಳಸಿ ಮದುವೆ ಮುಗಿದು ಲಗ್ನಗಳು ಶುರುವಾಗಿದ್ದ ಕಾಲ. ದಿನಬಾಡಿಗೆಗೆ ಲೆನ್ಸ್ ತಂದು ಕೆಲಸ ಮಾಡುತ್ತಿದ್ದೇನೆ, ಬಂದದ್ದು ಬಾಡಿಗೆಗೇ ಹೋಗುತ್ತಿದೆ ಎಂದ. ‘ಆ ಧೂಳು ಫೋಟೊದಲ್ಲಿ ಕಾಣುತ್ತಿತ್ತೇನಪ್ಪಾ?’ ಎಂದು ತಡವಾಗಿ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲ ಸಾರ್’ ಎಂದ.

ಆ ‘ಇಲ್ಲ’ ಎಂಬ ಉತ್ತರದ ಮೇಲೆಯೇ ನನ್ನ ವಾದ ನಿಂತಿದೆ. ಲೆನ್ಸಿನ ಒಳಗಿರುವ ನಾಲ್ಕಾರು ಧೂಳಿನ ಕಣಗಳು ದೋಷವಲ್ಲ. ದೋಷವಲ್ಲದ್ದನ್ನು ತೆಗೆಯಲು ಹೋಗಿ ನಾವು ನಿಜವಾದ ದೋಷಗಳನ್ನು ಸೃಷ್ಟಿಸುತ್ತಿದ್ದೇವೆ. ಇದಕ್ಕೆ ಮನೆಯಲ್ಲಿ ಕೂತು ಲೆನ್ಸ್ ಬಿಚ್ಚುವ ಹುಡುಗರಿಗಿಂತ, ಅವರ ಮನಸ್ಸಿನಲ್ಲಿ ಭಯ ಬಿತ್ತುವ ನಮ್ಮಂಥ ಟಾರ್ಚುಧಾರಿಗಳೇ ಹೆಚ್ಚು ಹೊಣೆಗಾರರು.

ಈ ಮಾತನ್ನು ಹೇಳುವ ಅಧಿಕಾರ ನನಗೆ ಬಂದದ್ದು ಪಾಂಡಿತ್ಯದಿಂದಲ್ಲ, ತಪ್ಪಿನಿಂದ. ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯ, ಮಾಡುವುದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ಕೆಲಸ. ಆದರೆ ಹಾಸನದ ನಮ್ಮ ಮನೆಯಲ್ಲಿ 1982ರಿಂದ ಒಂದು ಪೆಂಟ್ಯಾಕ್ಸ್ ಕೆ-1000 ಕ್ಯಾಮೆರಾ ಇತ್ತು. ಮಸ್ಕತ್‌ನಲ್ಲಿದ್ದ ಚಿಕ್ಕಪ್ಪ ಅಪ್ಪನಿಗೆ ತಂದುಕೊಟ್ಟದ್ದು. ಅದರ 50 ಮಿ.ಮೀ. ಎಫ್/2 ಲೆನ್ಸ್ ನಮ್ಮ ಮನೆಯ ಎಲ್ಲ ಮದುವೆಗಳನ್ನೂ, ಎಲ್ಲ ಮಕ್ಕಳನ್ನೂ ಕಂಡಿದೆ. ಫಿಲ್ಮಿನ ಕಾಲ ಮುಗಿದ ಮೇಲೆ ಅಪ್ಪ ಅದನ್ನು ನನಗೆ ಕೊಟ್ಟರು. ಅಡಾಪ್ಟರ್ ಹಾಕಿ ನನ್ನ ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಿ, ದೆಹಲಿಯಲ್ಲಿದ್ದ ನಾಲ್ಕು ವರ್ಷವೂ ಅದರಿಂದಲೇ ಚಿತ್ರ ತೆಗೆದೆ. ಮುಂಬಯಿಗೆ ವರ್ಗವಾಗಿ ಬಂದ ಮೇಲೆ ಒಂದು ಸಂಜೆ, ಯಾರೋ ಹೇಳಿಕೊಟ್ಟಂತೆ, ಅದರೊಳಕ್ಕೆ ಟಾರ್ಚ್ ಬಿಟ್ಟು ನೋಡಿದೆ. ಮೂರು ಕಣಗಳು ಮಿನುಗಿದವು. ಅಲ್ಲಿಗೆ ನನ್ನ ನೆಮ್ಮದಿ ಹೋಯಿತು.

ನನ್ನ ಬಳಿ ಲೆನ್ಸ್ ಬಿಚ್ಚುವ ಸ್ಪ್ಯಾನರ್ ಇರಲಿಲ್ಲ. ಮಗಳ ಕಂಪಾಸ್ ಪೆಟ್ಟಿಗೆಯ ಡಿವೈಡರ್ ಇತ್ತು. ಅದರ ಎರಡು ಮೊನೆಗಳನ್ನು ಉಂಗುರದ ಎರಡು ಸಂದುಗಳಿಗೆ ಹಾಕಿ ತಿರುಗಿಸಿದೆ. ಒಂದು ಮೊನೆ ಜಾರಿ ಮುಂದಿನ ಗಾಜಿನ ಮೇಲೆ ಗೀರು ಎಳೆಯಿತು. ಮಸೂರಗಳನ್ನು ಒಂದೊಂದಾಗಿ ತೆಗೆದು ಒರೆಸಿ ಮತ್ತೆ ಕೂರಿಸಿದೆ. ಫೋಕಸ್ ಮಾಡುವ ಸುರುಳಿಯನ್ನು ಬಿಡಿಸುವ ಮೊದಲು ಗುರುತು ಹಾಕಿಕೊಳ್ಳಬೇಕೆಂಬುದು ತಿಳಿದದ್ದು, ಅದು ಬಿಡಿಸಿಕೊಂಡು ಎರಡು ತುಂಡಾಗಿ ಕೈಗೆ ಬಂದ ಮೇಲೆ. ಆ ಸುರುಳಿಗೆ ಹಲವು ಬಾಯಿಗಳಿರುತ್ತವೆ. ಸರಿಯಾದ ಬಾಯಿಗೆ ಹೊಂದಿಸದಿದ್ದರೆ ಫೋಕಸ್ ತನ್ನ ನೆಲೆ ತಪ್ಪುತ್ತದೆ. ಮಧ್ಯರಾತ್ರಿಗೆ ಎಲ್ಲವನ್ನೂ ಜೋಡಿಸಿ ಮತ್ತೆ ಟಾರ್ಚ್ ಬಿಟ್ಟೆ. ಹಳೆಯ ಮೂರು ಕಣಗಳು ಇರಲಿಲ್ಲ. ಹೊಸದಾಗಿ ಹನ್ನೊಂದು ಬಂದಿದ್ದವು.

ಮರುದಿನ ತೆಗೆದ ಚಿತ್ರಗಳಲ್ಲಿ ದೂರದ ಕಟ್ಟಡಗಳು ಮಸುಕಾಗಿದ್ದವು. ಚಿತ್ರದ ಎಡಭಾಗ ಎಲ್ಲಿ ನಿಂತು ತೆಗೆದರೂ ಕಲಸಿಹೋಗುತ್ತಿತ್ತು. ಯಾವುದೋ ಒಂದು ಮಸೂರ ಓರೆಯಾಗಿ ಕೂತಿತ್ತು. ಫೋರ್ಟ್ ಪ್ರದೇಶದ ಒಬ್ಬ ಹಳೆಯ ರಿಪೇರಿಗಾರರ ಬಳಿಗೆ ಒಯ್ದೆ. ಅವರು ದೂರದ ಫೋಕಸ್ಸನ್ನು ಸರಿಪಡಿಸಿಕೊಟ್ಟರು. ಓರೆಯನ್ನು ಬಹುಮಟ್ಟಿಗೆ ತಿದ್ದಿದರು. ಗೀರಿಗೆ ಮದ್ದಿಲ್ಲ ಎಂದರು. ಬೈಯಲಿಲ್ಲ. ತನ್ನಲ್ಲಿಗೆ ಧೂಳಿನಿಂದ ಕೆಟ್ಟು ಬರುವ ಲೆನ್ಸುಗಳಿಗಿಂತ, ಧೂಳು ತೆಗೆಯಲು ಹೋಗಿ ಕೆಟ್ಟು ಬರುವ ಲೆನ್ಸುಗಳೇ ಹೆಚ್ಚು ಎಂದಷ್ಟೇ ಹೇಳಿದರು. ಊರಿಗೆ ಹೋದಾಗ ಅಪ್ಪನಿಗೆ ತಪ್ಪೊಪ್ಪಿಕೊಂಡೆ. ಅವರು ಹಳೆಯ ಆಲ್ಬಮ್ಮನ್ನು ತೆಗೆದು ನನ್ನ ಮುಂದಿಟ್ಟರು. ‘ನಿನ್ನನ್ನ ಒಂದನೇ ಕ್ಲಾಸಿಗೆ ಸೇರಿಸಿದ ದಿನದ ಫೋಟೊ ನೋಡು. ಆ ಧೂಳು ಆಗಲೂ ಅಲ್ಲೇ ಇತ್ತು ಕಣೋ. ಎಲ್ಲಾದ್ರೂ ಕಾಣುತ್ತಾ?’ ಎಂದರು. ನೋಡಿದೆ. ಸ್ಲೇಟಿನ ಚೌಕಟ್ಟಿನ ಮರದ ಗೆರೆಗಳು ಕೂಡ ಅದರಲ್ಲಿ ಕಾಣುತ್ತಿದ್ದವು. ಧೂಳು ಕಾಣಲಿಲ್ಲ.

ಏಕೆ ಕಾಣಲಿಲ್ಲ? ಇದನ್ನು ತಿಳಿಯಲು ಭೌತಶಾಸ್ತ್ರದ ಪದವಿ ಬೇಕಿಲ್ಲ. ನಾವು ಲೆನ್ಸ್ ಎಂದು ಕರೆಯುವುದು ಒಂದು ಗಾಜಲ್ಲ. ಒಂದು ಕೊಳವೆಯಲ್ಲಿ ಸಾಲಾಗಿ ನಿಲ್ಲಿಸಿದ ಹಲವು ಮಸೂರಗಳು. ಎದುರಿಗಿರುವ ಮಗುವಿನ ಕಣ್ಣಿನ ಒಂದು ಬಿಂದುವಿನಿಂದ ಹೊರಟ ಬೆಳಕು ಲೆನ್ಸಿನ ಒಂದು ಚುಕ್ಕೆಯ ಮೂಲಕ ಒಳಗೆ ಬರುವುದಿಲ್ಲ. ಅದು ಮುಂದಿನ ಗಾಜಿನ ಇಡೀ ಅಗಲಕ್ಕೆ ಹರಡಿ ಒಳಗೆ ಬಂದು, ಹಿಂದಿರುವ ಫಿಲ್ಮಿನ ಅಥವಾ ಸೆನ್ಸರಿನ ಮೇಲೆ ಮತ್ತೆ ಒಂದು ಬಿಂದುವಾಗಿ ಕೂಡುತ್ತದೆ. ದಾರಿಯಲ್ಲಿ ಒಂದು ಕಣ ಅಡ್ಡ ನಿಂತರೆ ಆ ಬಿಂದುವಿಗೆ ಬರಬೇಕಾದ ಬೆಳಕಿನಲ್ಲಿ ಎಳ್ಳಷ್ಟು ಕಡಿಮೆಯಾಗುತ್ತದೆ. ಬಿಂದು ಮಾಯವಾಗುವುದಿಲ್ಲ. ಧೂಳಿನ ಆಕಾರವೂ ಚಿತ್ರದಲ್ಲಿ ಮೂಡುವುದಿಲ್ಲ, ಏಕೆಂದರೆ ಅದು ಫೋಕಸ್ಸಿನಿಂದ ಬಹಳ ದೂರದಲ್ಲಿದೆ.

ಎಷ್ಟು ಕಡಿಮೆಯಾಗುತ್ತದೆ ಎಂಬ ಲೆಕ್ಕವನ್ನೂ ಮಾಡೋಣ. 50 ಮಿ.ಮೀ. ಲೆನ್ಸನ್ನು ಎಫ್/2ಕ್ಕೆ ಇಟ್ಟಾಗ ಬೆಳಕಿನ ಬಾಗಿಲಿನ ಅಗಲ 25 ಮಿ.ಮೀ. ಕೂದಲೆಳೆಯ ದಪ್ಪದ, ಅಂದರೆ 0.1 ಮಿ.ಮೀ. ಅಗಲದ ಒಂದು ಕಣ ಅದರಲ್ಲಿ 250ನೆಯ ಒಂದು ಭಾಗದಷ್ಟು ಅಗಲ. ವಿಸ್ತೀರ್ಣದಲ್ಲಿ ಹೇಳುವುದಾದರೆ 62,500ರಲ್ಲಿ ಒಂದು ಭಾಗ. ನನ್ನ ನಿದ್ದೆ ಕೆಡಿಸಿದ ಆ ಮೂರು ಕಣಗಳೂ ಸೇರಿ ತಡೆಯುತ್ತಿದ್ದ ಬೆಳಕು ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಇಷ್ಟು ವ್ಯತ್ಯಾಸವನ್ನು ಯಾವ ಕಣ್ಣೂ ಗುರುತಿಸದು. ಬಾಗಿಲನ್ನು ಎಫ್/16ಕ್ಕೆ ಕಿರಿದು ಮಾಡಿದರೆ ಅದರ ಅಗಲ ಸುಮಾರು 3 ಮಿ.ಮೀ. ಆಗುತ್ತದೆ, ಬಾಗಿಲಿನ ಬಳಿಯಲ್ಲೇ ಕೂತ ಒಂದು ಕಣ ಆಗ ತಡೆಯುವುದೂ ಸಾವಿರದಲ್ಲಿ ಒಂದು ಪಾಲನ್ನು ಮಾತ್ರ.

ಇದನ್ನು ನಂಬಲು ಕಷ್ಟವಾದವರು ದೊಡ್ಡ ಉದಾಹರಣೆಯೊಂದನ್ನು ನೋಡಲಿ. ತಮಿಳುನಾಡಿನ ಕಾವಲೂರಿನಲ್ಲಿ, ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ನಡೆಸುವ ವೀಕ್ಷಣಾಲಯದಲ್ಲಿ, 1986ರಿಂದ ವೇಣು ಬಾಪು ದೂರದರ್ಶಕ ಕೆಲಸ ಮಾಡುತ್ತಿದೆ. ಅದರ ಮುಖ್ಯ ಕನ್ನಡಿಯ ಅಗಲ 2.34 ಮೀಟರ್. ಆ ಕನ್ನಡಿಗೆ ಬರುವ ಬೆಳಕಿನ ದಾರಿಯ ನಟ್ಟನಡುವೆ ಉಪಕರಣಗಳು ನಿಂತಿರುತ್ತವೆ. ಇಂಥ ದೂರದರ್ಶಕಗಳೆಲ್ಲದರ ರಚನೆಯೇ ಹಾಗೆ. ಆದರೂ ಅವು ತೆಗೆದ ಚಂದ್ರನ ಚಿತ್ರದ ನಡುವೆ ತೂತು ಇರುವುದಿಲ್ಲ. ನಮ್ಮ ಹವ್ಯಾಸಿಗಳಲ್ಲಿ ಕೆಲವರು ಬಳಸುವ 500 ಮಿ.ಮೀ. ಕನ್ನಡಿ ಲೆನ್ಸಿನ ಎದುರುಗಾಜಿನ ಮಧ್ಯದಲ್ಲಿ ಒಂದು ದೊಡ್ಡ ಕಪ್ಪು ಬಿಲ್ಲೆಯೇ ಇರುತ್ತದೆ. ಅದರಲ್ಲಿ ತೆಗೆದ ಹಕ್ಕಿಯ ಚಿತ್ರದಲ್ಲಿ ಹಕ್ಕಿ ಪೂರ್ತಿಯಾಗಿಯೇ ಇರುತ್ತದೆ. ಬಿಲ್ಲೆಯೇ ಮುಚ್ಚಲಾರದ್ದನ್ನು ಒಂದು ಧೂಳಿನ ಕಣ ಮುಚ್ಚೀತೇ?

ಹಾಗಿದ್ದರೆ ಟಾರ್ಚು ಅಷ್ಟೊಂದು ಧೂಳನ್ನು ತೋರಿಸುವುದೇಕೆ? ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಉತ್ತರ ಗೊತ್ತು. ಮಧ್ಯಾಹ್ನ ಗಾಜಿನ ಹೆಂಚಿನಿಂದ ಕತ್ತಲ ಕೋಣೆಯೊಳಕ್ಕೆ ಬಿಸಿಲಕೋಲು ಇಳಿದಾಗ ಅದರಲ್ಲಿ ಸಾವಿರಾರು ಕಣಗಳು ತೇಲುತ್ತಿದ್ದವು. ಅವನ್ನು ನೋಡಿ ನಾವು ಉಸಿರಾಡುವುದನ್ನು ನಿಲ್ಲಿಸಲಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಓರೆಯಾಗಿ ಬಿದ್ದ ಪ್ರಖರ ಬೆಳಕು ಅತಿ ಸಣ್ಣ ಕಣವನ್ನೂ ಹೊಳೆಯಿಸುತ್ತದೆ. ಕಪ್ಪು ಕೊಳವೆಯೊಳಗೆ ಟಾರ್ಚ್ ಬಿಡುವುದೆಂದರೆ ಇದೇ ವ್ಯವಸ್ಥೆಯನ್ನು ಬೇಕೆಂದೇ ಮಾಡುವುದು. ಟಾರ್ಚು ಸುಳ್ಳು ಹೇಳುವುದಿಲ್ಲ. ಆದರೆ ನಾವು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತದೆ. ನಮ್ಮ ಪ್ರಶ್ನೆ ‘ಚಿತ್ರ ಚೆನ್ನಾಗಿ ಬರುತ್ತದೆಯೇ?’ ಎಂಬುದು. ಟಾರ್ಚಿನ ಉತ್ತರ ‘ಒಳಗೆ ಧೂಳಿದೆ’ ಎಂಬುದು.

ಸಂಸ್ಕೃತದಲ್ಲಿ ಮಸೂರ ಎಂದರೆ ಮಸೂರ್ ಬೇಳೆ. ಲ್ಯಾಟಿನ್ನಿನ ‘ಲೆನ್ಸ್’ ಎಂಬ ಶಬ್ದಕ್ಕೂ ಅದೇ ಅರ್ಥ. ಆಕಾರದ ಹೋಲಿಕೆಯಿಂದ ಬಂದ ಹೆಸರು. ಬೇಳೆಯಲ್ಲಿ ಕಲ್ಲು ಆರಿಸುವುದು ವಿವೇಕ, ಏಕೆಂದರೆ ಕಲ್ಲು ಹಲ್ಲಿಗೆ ಸಿಗುತ್ತದೆ. ಮೊಸರಿನಲ್ಲಿ ಕಲ್ಲು ಹುಡುಕುವುದಕ್ಕೆ ನಮ್ಮವರು ಬೇರೆ ಅರ್ಥವನ್ನೇ ಕೊಟ್ಟಿದ್ದಾರೆ. ಟಾರ್ಚು ಹಿಡಿದವರು ಈ ಎರಡನೆಯ ಕೆಲಸವನ್ನು ಮೊದಲನೆಯದೆಂದು ತಿಳಿದಿದ್ದಾರೆ.

ಇನ್ನು ಲೆನ್ಸ್ ಬಿಚ್ಚುವುದರ ಬೆಲೆಯನ್ನು ನೋಡೋಣ. ಲೆನ್ಸಿಗೆ ಧೂಳಿಗಿಂತ ಮುಖ್ಯವಾದದ್ದು ಪ್ರತಿ ಮಸೂರ ತನ್ನ ಜಾಗದಲ್ಲಿರುವುದು. ಇದನ್ನು ಜಗತ್ತಿಗೆ ಕಲಿಸಿದ್ದು ಹಬಲ್ ದೂರದರ್ಶಕ. 1990ರ ಏಪ್ರಿಲ್‌ನಲ್ಲಿ ಅದನ್ನು ಬಾಹ್ಯಾಕಾಶಕ್ಕೆ ಕಳಿಸಿದರು. ಬಂದ ಚಿತ್ರಗಳು ಮಸುಕಾಗಿದ್ದವು. ಧೂಳೇ ಇಲ್ಲದ ಕೋಣೆಗಳಲ್ಲಿ ತಯಾರಾದ 2.4 ಮೀಟರ್ ಕನ್ನಡಿ ಅದು. ಆದರೆ ಆ ಕನ್ನಡಿಯ ಆಕಾರವನ್ನು ಪರೀಕ್ಷಿಸಲು ಬಳಸಿದ ಉಪಕರಣದಲ್ಲಿ ಒಂದು ಮಸೂರ ಇರಬೇಕಾದ ಜಾಗದಿಂದ 1.3 ಮಿ.ಮೀ. ಸರಿದಿತ್ತು. ಆ ತಪ್ಪು ಅಳತೆಯನ್ನು ನಂಬಿ ಉಜ್ಜಿದ್ದರಿಂದ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್‌ನಷ್ಟು, ಅಂದರೆ ಕೂದಲೆಳೆಯ ದಪ್ಪದ ಸಣ್ಣದೊಂದು ಅಂಶದಷ್ಟು, ಹೆಚ್ಚು ಚಪ್ಪಟೆಯಾಯಿತು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಮೇಲೆ ಹೋಗಿ ಅದಕ್ಕೆ ಪರಿಹಾರ ಒದಗಿಸಬೇಕಾಯಿತು. ಅಂಥ ಸಂಸ್ಥೆಯ ಕೈಯಲ್ಲೇ ಒಂದು ಮಸೂರ ಜಾಗ ತಪ್ಪಬಲ್ಲದಾದರೆ, ನಮ್ಮ ಡಿವೈಡರು, ಟವೆಲ್ಲು, ಊಟದ ಮೇಜುಗಳ ಪಾಡೇನು?

ಗಾಳಿಯ ಲೆಕ್ಕವೂ ಇದೆ. ಸ್ವಚ್ಛ ಕೋಣೆಗಳಿಗೆ ಐಎಸ್‌ಒ 14644 ಎಂಬ ಅಂತಾರಾಷ್ಟ್ರೀಯ ಮಾನಕವಿದೆ. ಅದರ 5ನೆಯ ದರ್ಜೆಯ ಕೋಣೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 3,520ಕ್ಕಿಂತ ಹೆಚ್ಚು ಇರಕೂಡದು. ಕೊನೆಯದಾದ 9ನೆಯ ದರ್ಜೆಗೆ ಈ ಮಿತಿ 3,52,00,000. ನಾವು ವಾಸಿಸುವ ಕೋಣೆಗಳು ಬಹುಮಟ್ಟಿಗೆ ಈ ಕೊನೆಯ ದರ್ಜೆಯ ಆಸುಪಾಸಿನವು. ಇಂಥ ಗಾಳಿಯಲ್ಲಿ ಲೆನ್ಸನ್ನು ಗಂಟೆಗಟ್ಟಲೆ ತೆರೆದಿಟ್ಟು ಧೂಳು ತೆಗೆಯುತ್ತೇನೆಂದು ಹೊರಡುವುದು, ಮಳೆಯಲ್ಲಿ ನಿಂತು ಮೈ ಒರೆಸಿಕೊಂಡಂತೆ. ನನ್ನ ಮೂರು ಕಣಗಳು ಹನ್ನೊಂದಾದದ್ದು ಅಪಘಾತವಲ್ಲ. ಲೆಕ್ಕಕ್ಕೆ ಸರಿಯಾಗಿಯೇ ನಡೆದ ಸಂಗತಿ.

ವಿಡಿಯೊಗಳು ಹೇಳದೆ ಬಿಡುವ ಇನ್ನೊಂದೆರಡು ಮಾತು. ಜಪಾನಿ ಲೆನ್ಸುಗಳ ಸ್ಕ್ರೂಗಳ ತಲೆಯಲ್ಲಿರುವ ಕೂಡುಗೆರೆ ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಟಾರ್ ಸ್ಕ್ರೂಡ್ರೈವರಿಗೆ ಹೊಂದುವಂತೆ ಕಾಣುತ್ತದೆ. ಆದರೆ ಅದರ ಅಳತೆ ಬೇರೆ. ಒತ್ತಿ ತಿರುಗಿಸಿದರೆ ಡ್ರೈವರು ಮೇಲಕ್ಕೆ ಜಾರಿ ಸ್ಕ್ರೂವಿನ ತಲೆ ಸವೆಯುತ್ತದೆ. ಸವೆದ ಸ್ಕ್ರೂವನ್ನು ಮುಂದೆ ರಿಪೇರಿಗಾರನೂ ತೆಗೆಯಲಾರ. ಉಗುರು ಬಣ್ಣ ತೆಗೆಯುವ ಅಸಿಟೋನ್ ದ್ರವದಿಂದ ಒರೆಸಿದರೆ ಪ್ಲಾಸ್ಟಿಕ್ಕು ಕರಗುತ್ತದೆ, ಕಪ್ಪು ಬಣ್ಣ ಎದ್ದುಬರುತ್ತದೆ. ಹೊಸ ಲೆನ್ಸುಗಳಲ್ಲಂತೂ ಡೊಂಬಿವಲಿಯ ಹುಡುಗ ಹರಿದುಕೊಂಡ ಆ ತೆಳು ಪಟ್ಟಿಗಳು ಎಲ್ಲೆಲ್ಲಿ ಅಡಗಿವೆಯೆಂದು ಹೊರಗಿನಿಂದ ತಿಳಿಯುವುದೇ ಇಲ್ಲ.

ನನ್ನ ವಾದದ ಮಿತಿಗಳನ್ನು ನಾನೇ ಹೇಳುವುದು ನ್ಯಾಯ. ಧೂಳು ಎಂದೂ ಕಾಣುವುದೇ ಇಲ್ಲ ಎನ್ನಲಾರೆ. ಸೂರ್ಯನಿಗೆ ಎದುರಾಗಿ ತೆಗೆದಾಗ ಹೆಚ್ಚು ಧೂಳಿರುವ ಲೆನ್ಸಿನ ಚಿತ್ರ ಸ್ವಲ್ಪ ತೆಳುವಾಗಬಹುದು. ರಾತ್ರಿಯ ಬೀದಿದೀಪಗಳು ಹಿನ್ನೆಲೆಯಲ್ಲಿ ಮಸುಕು ವೃತ್ತಗಳಾಗಿ ಮೂಡುವಾಗ ಅವುಗಳಲ್ಲಿ ಚುಕ್ಕೆಗಳು ಕಾಣಬಹುದು. ತೀರ ಹಿಂದಿನ ಗಾಜಿನ ಮೇಲಿನ ದೊಡ್ಡ ಕಣ ಕಿರಿದಾದ ಅಪರ್ಚರಿನಲ್ಲಿ ನೆರಳು ಬೀಳಿಸಬಹುದು. ಮೊಬೈಲಿನ ಲೆನ್ಸಿನ ಬಾಗಿಲು ಕೆಲವೇ ಮಿ.ಮೀ. ಅಗಲದ್ದಾದ್ದರಿಂದ ಅಲ್ಲಿ ಒಂದು ಕಣಕ್ಕೂ ಬೆಲೆಯುಂಟು. ಆದರೆ ಚಿತ್ರದಲ್ಲಿ ಚುಕ್ಕೆ ಕಂಡಾಗಲೆಲ್ಲ ಲೆನ್ಸನ್ನು ದೂರುವವರು ಬಹುಪಾಲು ತಪ್ಪು ಮಾಡುತ್ತಿರುತ್ತಾರೆ. ಆಕಾಶದಲ್ಲಿ ಕಾಣುವ ಆ ಕಪ್ಪು ಚುಕ್ಕೆ ಸಾಮಾನ್ಯವಾಗಿ ಸೆನ್ಸರಿನ ಮುಂದಿನ ಗಾಜಿನ ಮೇಲೆ ಕೂತ ಧೂಳಿನದು. ಪರೀಕ್ಷೆ ಸುಲಭ: ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆಯಿರಿ, ಲೆನ್ಸ್ ಬದಲಾಯಿಸಿ ಮತ್ತೊಂದು ತೆಗೆಯಿರಿ. ಚುಕ್ಕೆ ಅದೇ ಜಾಗದಲ್ಲಿದ್ದರೆ ಅಪರಾಧಿ ಲೆನ್ಸಲ್ಲ.

ಬೂಷ್ಟಿನ ಮಾತು ಬೇರೆ. ಅದನ್ನು ಧೂಳಿನ ಸಾಲಿಗೆ ಸೇರಿಸಕೂಡದು. ಧೂಳು ಕೂತಲ್ಲಿ ಕೂತಿರುತ್ತದೆ, ಬೂಷ್ಟು ಬೆಳೆಯುತ್ತದೆ. ಜೇಡರ ಬಲೆಯಂತೆ ಎಳೆ ಬಿಡುತ್ತ, ತಾನು ಸ್ರವಿಸುವ ಆಮ್ಲದಿಂದ ಮಸೂರದ ಲೇಪವನ್ನೂ, ಬಿಟ್ಟರೆ ಗಾಜನ್ನೂ ತಿನ್ನುತ್ತದೆ. ದೆಹಲಿಯಲ್ಲಿದ್ದಾಗ ನಾನು ಧೂಳಿಗೆ ಹೆದರುತ್ತಿದ್ದೆ. ಮುಂಬಯಿಗೆ ಬಂದ ಮೇಲೆ ಹೆದರಬೇಕಾದದ್ದು ತೇವಕ್ಕೆ ಎಂದು ತಿಳಿಯಿತು. ಇಲ್ಲಿಯೂ ಚೆನ್ನೈಯಲ್ಲಿಯೂ ಇರುವ ನಮ್ಮವರು ಮೇ ತಿಂಗಳ ಧೂಳಿಗಿಂತ ಮಳೆಗಾಲದ ಬೀರುವಿಗೆ ಹೆಚ್ಚು ಅಂಜಬೇಕು. ಎಳೆಗಳು ಕಂಡರೆ ತಡಮಾಡದೆ, ಆ ಲೆನ್ಸನ್ನು ಉಳಿದವುಗಳಿಂದ ಬೇರೆಯಿಟ್ಟು, ಕಸುಬು ತಿಳಿದವರ ಬಳಿ ಒಯ್ಯಬೇಕು. ಒಳಗಿನ ಎಣ್ಣೆ ಅಪರ್ಚರಿನ ಎಲೆಗಳಿಗೆ ಹರಿದಿದ್ದರೆ, ಮಂಜಿನಂಥ ಪೊರೆ ಕಟ್ಟಿದ್ದರೆ, ಅದೂ ನಿಜವಾದ ಕಾಯಿಲೆಯೇ. ನನ್ನ ಜಗಳ ಕಾಯಿಲೆಗೆ ಮದ್ದು ಮಾಡುವವರೊಂದಿಗಲ್ಲ, ಆರೋಗ್ಯವಂತನ ಹೊಟ್ಟೆ ಕೊಯ್ಯುವವರೊಂದಿಗೆ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ‘ಸ್ವಚ್ಛತೆ ಕೆಟ್ಟದ್ದೇ?’ ಎನ್ನುವವರಿದ್ದಾರೆ. ಅಲ್ಲ. ಆದರೆ ಇದು ಸ್ವಚ್ಛತೆಯಲ್ಲ, ಮಡಿ. ಸ್ವಚ್ಛತೆಯ ಪ್ರಶ್ನೆ ‘ಇದರಿಂದ ಕೇಡಾಗುತ್ತದೆಯೇ?’ ಎಂಬುದು. ಮಡಿಗೆ ಆ ಪ್ರಶ್ನೆಯೇ ಇಲ್ಲ. ಸೋಂಕು ತಗುಲಿತೆಂಬ ಭಾವನೆಯೇ ಅದಕ್ಕೆ ಸಾಕು. ಹಿತ್ತಲಿನಲ್ಲಿ ಒಣಗಿದ ಮಡಿಸೀರೆಯನ್ನು ಮಗು ಮುಟ್ಟಿತೆಂದು ಮತ್ತೆ ನೆನೆಸುತ್ತಿದ್ದ ಅಜ್ಜಿಯರನ್ನು ಕಂಡು ನಗುತ್ತಿದ್ದ ನಾವೇ, ಈಗ ಕ್ಯಾಮೆರಾ ಕೈಗೆ ಬಂದ ಮೇಲೆ ಗಾಜಿಗೆ ಮಡಿ ಉಡಿಸಲು ಹೊರಟಿದ್ದೇವೆ. ಅಜ್ಜಿಯ ಸೀರೆಯಾದರೂ ನೆನೆದು ಒಣಗುತ್ತಿತ್ತು. ಗೀರು ಬಿದ್ದ ಮಸೂರ ಮತ್ತೆ ಮೊದಲಿನಂತಾಗುವುದಿಲ್ಲ.

‘ನನ್ನ ವಸ್ತುವನ್ನು ನಾನೇ ಬಿಚ್ಚುವ ಹಕ್ಕು ನನಗಿಲ್ಲವೇ?’ ಎಂಬುದು ಎರಡನೆಯ ಆಕ್ಷೇಪ. ಇದನ್ನು ನಾನು ಗೌರವಿಸುತ್ತೇನೆ. ಸರ್ವಿಸ್ ಸೆಂಟರಿನ ಹೊರತು ಯಾರೂ ಮುಟ್ಟದಂತೆ ವಸ್ತುಗಳನ್ನು ಮಾಡುವ ಕಂಪನಿಗಳ ಧೋರಣೆಯನ್ನು ನಾನು ಒಪ್ಪುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ರಿಪೇರಿಯ ಹಕ್ಕು ಹುಟ್ಟುವುದು ಏನಾದರೂ ಕೆಟ್ಟಾಗ. ಕೆಡದ್ದನ್ನು ಬಿಚ್ಚುವುದಕ್ಕೆ ರಿಪೇರಿ ಎಂಬ ಹೆಸರು ಸಲ್ಲದು. ಕಲಿಯುವ ಆಸೆಯಿದ್ದರೆ ಹಳೆಯ ಸಾಮಾನಿನ ಬಜಾರಿನಲ್ಲಿ ಕೆಟ್ಟುಹೋದ ಲೆನ್ಸೊಂದನ್ನು ಅಗ್ಗಕ್ಕೆ ಕೊಂಡು, ಸರಿಯಾದ ಸ್ಪ್ಯಾನರ್ ತಂದು, ಪ್ರತಿ ಹಂತದಲ್ಲೂ ಗುರುತು ಹಾಕಿಕೊಂಡು, ಫೋಟೊ ತೆಗೆದಿಟ್ಟುಕೊಂಡು ಬಿಚ್ಚಿರಿ, ಜೋಡಿಸಿರಿ, ಮತ್ತೆ ಬಿಚ್ಚಿರಿ. ಅದು ವಿದ್ಯೆ. ಹೊಟ್ಟೆಪಾಡಿನ ಏಕೈಕ ಲೆನ್ಸಿನ ಮೇಲೆ ಆ ವಿದ್ಯೆಯ ಮೊದಲ ಪಾಠ ಆಗಬಾರದು.

ಮೂರನೆಯ ಆಕ್ಷೇಪ ಮಾರಾಟದ್ದು: ಧೂಳಿದ್ದರೆ ಬೆಲೆ ಬರುವುದಿಲ್ಲ. ನಿಜ. ಆದರೆ ಆ ಬೆಲೆಯನ್ನು ಇಳಿಸಿದವರು ಯಾರು? ಕೊಳ್ಳುವವರೆಲ್ಲ ಟಾರ್ಚ್ ತರುವುದರಿಂದ ತಾನೇ ಮಾರುವವನು ಹೆದರುವುದು? ಕಾರ್ಖಾನೆಯಿಂದ ನೇರ ಬಂದ ಹೊಸ ಲೆನ್ಸಿನಲ್ಲೂ ಒಂದೆರಡು ಕಣಗಳಿರುವುದು ಅಪರೂಪವಲ್ಲ. ಮುಂದಕ್ಕೆ ಹಿಂದಕ್ಕೆ ಚಾಚುವ ಝೂಮ್ ಲೆನ್ಸು ಪ್ರತಿ ಸಲ ಚಾಚಿದಾಗಲೂ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಧೂಳಿಲ್ಲದ ಹಳೆಯ ಲೆನ್ಸ್ ಬೇಕೆಂದರೆ, ಯಾರೂ ಬಳಸದೆ ಕಪಾಟಿನಲ್ಲಿ ಮುಚ್ಚಿಟ್ಟದ್ದನ್ನೋ, ಯಾರೋ ಬಿಚ್ಚಿ ಜೋಡಿಸಿದ್ದನ್ನೋ ಹುಡುಕಬೇಕಾಗುತ್ತದೆ. ಎರಡನೆಯದನ್ನು ಕೊಂಡರೆ ಏನಾದೀತೆಂದು ನನ್ನ ಲೆನ್ಸು ಹೇಳುತ್ತದೆ.

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಮಗೆ ಕವಿತೆಯನ್ನು ಹತ್ತಿರದಿಂದ ಓದುವುದನ್ನು ಕಲಿಸಿದರು. ಒಳ್ಳೆಯ ವಿದ್ಯೆಯೇ. ಆದರೆ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡರೆ ಕಾಗದದ ನಾರು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಲೆನ್ಸ್ ಇರುವುದು ಅದರ ಮೂಲಕ ನೋಡುವುದಕ್ಕೆ. ಅದನ್ನೇ ನೋಡುತ್ತ ಕೂರುವುದಕ್ಕಲ್ಲ. ಹಾಗೆಂದು ಧೂಳಿನ ಬಗ್ಗೆ ಭಾವುಕನಾಗುವ ಉದ್ದೇಶವೂ ನನಗಿಲ್ಲ. ಅಪ್ಪನ ಲೆನ್ಸಿನಲ್ಲಿದ್ದ ಆ ಮೂರು ಕಣಗಳು ತವರಿನ ಮಣ್ಣೆಂದು ಹಾಡಬಹುದಿತ್ತು. ಹೊರನಾಡಿನಲ್ಲಿರುವ ನಮಗೆ ಅಂಥ ಹಾಡುಗಳು ಬೇಗ ಬರುತ್ತವೆ. ಧೂಳಿಗೆ ಅಂಥ ಮಹಿಮೆಯೇನೂ ಇಲ್ಲ. ಅದು ಬರಿಯ ಧೂಳು, ಅಷ್ಟೆ. ಪೂಜಿಸುವುದೂ ಬೇಡ, ಹೊಡೆದೋಡಿಸುವುದೂ ಬೇಡ.

ಮನೆಯಲ್ಲಿ ಮಾಡಬಹುದಾದ ಶುದ್ಧಿ ಇದ್ದೇ ಇದೆ. ಅದೆಲ್ಲ ಲೆನ್ಸಿನ ಹೊರಗೆ. ಮೊದಲು ರಬ್ಬರ್ ಬ್ಲೋವರಿನಿಂದ ಗಾಳಿ ಊದಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಆಮೇಲೆ ಮೆತ್ತನೆಯ ಬ್ರಷ್. ಕೊನೆಗೆ, ಬೆರಳ ಗುರುತಿದ್ದರೆ ಮಾತ್ರ, ಮೈಕ್ರೊಫೈಬರ್ ಬಟ್ಟೆಗೆ ಒಂದು ಹನಿ ದ್ರವ ಹಾಕಿ ಒರೆಸಿ. ಗಾಜಿನ ಮೇಲೆ ದ್ರವವನ್ನು ನೇರವಾಗಿ ಸುರಿಯಬೇಡಿ. ಮಳೆಗಾಲಕ್ಕೆ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ತೇವ ಅಳೆಯುವ ಸಣ್ಣ ಮಾಪಕ ಇಟ್ಟುಕೊಳ್ಳಿ. ತೇವ ನೂರಕ್ಕೆ ನಲವತ್ತರಿಂದ ಐವತ್ತರೊಳಗೆ ಇದ್ದರೆ ಸಾಕು. ಅಕ್ಕಿಯ ಡಬ್ಬದಲ್ಲಿ ಹೂಳುವ ಉಪಾಯವನ್ನು ದಯವಿಟ್ಟು ಬಿಡಿ. ಅಕ್ಕಿಯ ಹಿಟ್ಟೂ ಧೂಳೇ. ಎಲ್ಲಕ್ಕಿಂತ ಮುಖ್ಯವಾಗಿ, ಲೆನ್ಸನ್ನು ಬಳಸಿ. ಹೊರಗೆ ಬೆಳಕು ಗಾಳಿ ಕಾಣುವ ಲೆನ್ಸಿಗಿಂತ ಬೀರುವಿನಲ್ಲಿ ಮಲಗಿದ ಲೆನ್ಸಿಗೆ ಬೂಷ್ಟು ಬೇಗ ಹತ್ತುತ್ತದೆ.

ಅಪ್ಪನಿಗೆ ಎಂಬತ್ತು ತುಂಬಿದ ದಿನ ಆ ಹಳೆಯ ಲೆನ್ಸಿನಿಂದಲೇ ಅವರ ಚಿತ್ರ ತೆಗೆದೆ. ಎಡಭಾಗದಲ್ಲಿ ಕೂತಿದ್ದ ಅಮ್ಮನ ಮುಖ ಸ್ವಲ್ಪ ಮಸುಕಾಗಿ ಬಂತು. ಮೂರು ಕಣಗಳಿದ್ದ ಕಾಲದಲ್ಲಿ ಹಾಗೆ ಬರುತ್ತಿರಲಿಲ್ಲ. ನನ್ನ ತಪ್ಪಿಗೆ ನಾನು ತೆತ್ತ ದಂಡ ಇಷ್ಟೇ, ನನ್ನ ಸಂಬಳಕ್ಕೆ ಕುಂದು ಬರಲಿಲ್ಲ. ಡೊಂಬಿವಲಿಯ ಹುಡುಗ ತೆತ್ತದ್ದು ಒಂದು ಲಗ್ನಕಾಲದ ದುಡಿಮೆ. ಅದೂ ನಮ್ಮ ತಪ್ಪಿಗಾಗಿ. ಅವನ ರಿಪೇರಿಯ ಖರ್ಚನ್ನು ಅಂದು ಕೋಟೆಯಲ್ಲಿ ಲೆನ್ಸಿನೊಳಗೆ ಇಣುಕಿದವರೆಲ್ಲ ಹಂಚಿಕೊಳ್ಳಬೇಕೆಂದು ಬಳಗದ ಮುಂದಿನ ಸಭೆಯಲ್ಲಿ ಕೇಳಲಿದ್ದೇನೆ. ನನ್ನ ಪಾಲನ್ನು ತೆಗೆದಿಟ್ಟಿದ್ದೇನೆ.

ಮುಂದಿನ ಸಲ ಯಾರಾದರೂ ಹೊಸದಾಗಿ ಕೊಂಡ ಹಳೆಯ ಲೆನ್ಸನ್ನು ನಮ್ಮ ಕೈಗಿಟ್ಟಾಗ ಮೊಬೈಲು ಜೇಬಿನಲ್ಲೇ ಇರಲಿ. ‘ಇದರಲ್ಲಿ ತೆಗೆದ ಒಂದು ಚಿತ್ರ ತೋರಿಸಪ್ಪಾ’ ಎಂದು ಮೊದಲು ಕೇಳೋಣ.